ಹಗ್ಗದ ಮೇಲಿನ ಹಸಿರು ಅಂಗಿಗಳು

ಅಕ್ಟೋಬರ್ 2, 1986

ನಾರ್ಮನ್ ದೊಡ್ಡಪ್ಪ ಪ್ರತಿದಿನ ಬೆಳಿಗ್ಗೆ ಕಾರಿನ ಹತ್ತಿರ ಹೋಗಿ ಕೀಲಿಕೈ ಬೀಳಿಸುತ್ತಾರೆ. ನಾನು ಬಂದ ಮೊದಲ ದಿನ, ಪಾಪ ಕೈ ಜಾರಿತು ಎಂದುಕೊಂಡೆ. ಮರುದಿನವೂ ಬಿತ್ತು. ಇವತ್ತು ಮಹಡಿಯ ಕಿಟಕಿಯಿಂದ ಸರಿಯಾಗಿ ನೋಡಿದೆ. ಬೀಳಿಸುತ್ತಾರೆ, ತಮ್ಮ ಮೇಲೆ ತಮಗೇ ಬೇಜಾರಾದವರ ಹಾಗೆ ತಲೆಯಾಡಿಸುತ್ತಾರೆ, ಮಂಡಿಯೂರುತ್ತಾರೆ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಕಾರಿನ ಅಡಿಯನ್ನು ಈ ಚಕ್ರದಿಂದ ಆ ಚಕ್ರದವರೆಗೆ ನೋಡುತ್ತಾರೆ. ಆಮೇಲೆ ಕೀಲಿ ಎತ್ತಿಕೊಂಡು, ಪ್ಯಾಂಟಿನ ಮಂಡಿ ಕೊಡವಿ, ಎದುರುಮನೆಯವರಿಗೆ ಕೈಬೀಸಿ ಹೊರಡುತ್ತಾರೆ. ದಪ್ಪ ಮನುಷ್ಯ. ಏಳುವಾಗ ಗೋಡೆ ಹಿಡಿದುಕೊಳ್ಳಬೇಕು.

ನನಗೆ ನಗು ಬಂತು. ತಿಂಡಿಗೆ ಕೂತಾಗ ಲಿನೆಟ್ ಅದನ್ನು ಹಿಡಿದುಬಿಟ್ಟಳು. ದೊಡ್ಡಮ್ಮನ ಮಗಳು, ಒಂಬತ್ತು ವರ್ಷ, ಮುಂದಿನ ಹಲ್ಲೊಂದು ಅರ್ಧ ಬೆಳೆದಿದೆ. "ನಗಬಾರ್ದು ರೋ ಅಕ್ಕ. ಅಪ್ಪನ ಕೀಲಿ ಜಾರುತ್ತೆ, ಅಷ್ಟೇ," ಅಂದಳು. ಬಾಯಿಪಾಠ ಒಪ್ಪಿಸಿದ ಹಾಗೆ.

ಆಮೇಲೆ ಐವಿ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಮನೆಯ ಕಟ್ಟಳೆ ಹೇಳಿದರು. ಹಾಸ್ಟೆಲಿಗೆ ಸೇರಿದ ಮೊದಲ ದಿನ ವಾರ್ಡನ್ ಹೇಳಿದ್ದ ಧಾಟಿ. ಬೆಲ್ ಆದರೆ ಮೊದಲು ಮಹಡಿಯಿಂದ ಇಣುಕಿ ನೋಡಬೇಕು. ದೀಪ ಹಾಕುವ ಮುಂಚೆ ಪರದೆ ಎಳೆಯಬೇಕು. ಫೋನ್ ಎತ್ತಿ ಹೆಸರು ಹೇಳಬಾರದು. ಊರಲ್ಲಾಗಲಿ ಕಾಲೇಜಲ್ಲಾಗಲಿ ಯಾರು ಕೇಳಿದರೂ ದೊಡ್ಡಪ್ಪ ನೀರು ಸರಬರಾಜು ಇಲಾಖೆಯ ಗುಮಾಸ್ತ.

"ಪೊಲೀಸ್ ಅಂತ ಹೇಳಿದ್ರೆ ಏನಾಗುತ್ತೆ ದೊಡ್ಡಮ್ಮ?"

"ಏನೂ ಆಗ್ದೇನೂ ಇರಬಹುದು ಮರಿ. ಆದ್ರೆ ಒಂದೇ ಸಲ ಅಲ್ವಾ ಆಗೋದು. ಇನ್ನೊಂದು ರೊಟ್ಟಿ ಹಾಕ್ಲಾ?"

ಅಡುಗೆಮನೆಯ ಕಪಾಟಿನ ನೆತ್ತಿಯ ಮೇಲೆ ಬಿಸ್ಕತ್ತಿನ ಡಬ್ಬ. ಅದರ ಪಕ್ಕ ಒಂದು ಟವೆಲ್. ಟವೆಲಿನೊಳಗೆ ದೊಡ್ಡಪ್ಪನ ಪಿಸ್ತೂಲು. ನನಗೆ ಬಿಸ್ಕತ್ತು ಬೇಡವಾಯಿತು. ಆ ಕೋಣೆಯಲ್ಲಿ ಅದಕ್ಕೆ ಬೆನ್ನು ಹಾಕಿ ಕೂರುವುದಕ್ಕೂ ಆಗುವುದಿಲ್ಲ, ಎದುರು ಕೂರುವುದಕ್ಕೂ ಆಗುವುದಿಲ್ಲ. ಚಹಾ ಹಿಡಿದುಕೊಂಡು ಹಜಾರಕ್ಕೆ ಬಂದೆ.

ಅಪ್ಪನಿಗೆ ಫೋನಿನಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. "ಇಂಗ್ಲೆಂಡಿನಲ್ಲಿ ಇಷ್ಟೊಂದು ಕಾಲೇಜಿರುವಾಗ ಸಮುದ್ರ ದಾಟಿ, ಪೊಲೀಸರನ್ನು ಹುಡುಕಿ ಕೊಲ್ಲುವ ಆ ಊರಿಗೇ ಹೋಗಬೇಕಾ?" ಎಂದು ಬೇಸಿಗೆಯಿಡೀ ಗೊಣಗಿದ್ದವರು. ಅಮ್ಮ ಮಾತ್ರ, "ನನ್ನೂರು ಅದು. ಅಕ್ಕ ಇದ್ದಾಳೆ. ಹುಡುಗಿಯನ್ನು ಯಾರೂ ತಿಂದುಹಾಕುವುದಿಲ್ಲ," ಅಂದಿದ್ದರು.

ಅಕ್ಟೋಬರ್ 6

ಮೊದಲ ತರಗತಿ. ರೈಲು ನಡುವೆ ನಿಂತಿತು, ಹಳಿಯ ಮೇಲೆ ಯಾರೋ ಬಿಟ್ಟುಹೋದ ಪೊಟ್ಟಣವಂತೆ, ಬಾಂಬಿನ ಅನುಮಾನ. ಡಬ್ಬಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಒಬ್ಬಾಕೆ ಹೆಣಿಗೆ ಹಾಕುತ್ತಲೇ, "ಇವತ್ತೂ ಹಲ್ಲಿನ ಡಾಕ್ಟರ ಹತ್ರ ಹೋಗೋದು ತಪ್ತು," ಅಂದಳು.

ತರಗತಿಯಲ್ಲಿ ಪಕ್ಕದಲ್ಲಿ ಬಂದು ಕೂತವಳು ಡಿಂಪ್ನಾ ಮೆಕ್‌ಗರ್ಕ್. ಕೆಂಚು ಕೂದಲು, ಗಂಡಸರ ಕೋಟು, ಜೇಬಿನ ತುಂಬ ಪುದೀನ ಮಿಠಾಯಿ. ನನ್ನ ಇಂಗ್ಲೆಂಡಿನ ಉಚ್ಚಾರ ಕಿವಿಗೆ ಬಿದ್ದದ್ದೇ ತಡ, "ಅಯ್ಯೋ ದೇವರೇ, ಮಹಾರಾಣಿ ಬಂದವ್ರೆ. ಬೆಂಚು ಒರೆಸ್ಲಾ ತಾಯಿ?" ಅಂದಳು. ಯಾವ ಶಾಲೆ ಎಂದು ಕೇಳಿದಳು. ಇಲ್ಲಿ ಶಾಲೆಯ ಹೆಸರು ಕೇಳಿದರೆ ಕ್ಯಾಥೊಲಿಕ್ಕೋ ಪ್ರೊಟೆಸ್ಟಂಟೋ ತಿಳಿದುಬಿಡುತ್ತದೆ, ಮುಂದಿನ ಮಾತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ ಎಂದು ಅಮ್ಮ ಹೇಳಿದ್ದರು. ನಾನು ಹೇಳಿದ್ದು ಇಂಗ್ಲೆಂಡಿನ ಹಾಸ್ಟೆಲ್ ಶಾಲೆ. ಏಳನೆಯ ವರ್ಷದಿಂದ ಅಲ್ಲೇ.

"ಏಳು ವರ್ಷದ ಮಗೂನ ಹಾಸ್ಟೆಲಿಗೆ ಹಾಕಿದ್ರಾ? ಏನು ತಪ್ಪು ಮಾಡಿದ್ದೆ?" ಅಂದಳು. ಆಮೇಲೆ, "ಹೋಗ್ಲಿ ಬಿಡು. ನೀನು ಯಾವ ಬುಟ್ಟಿಗೂ ಸೇರದ ಹಣ್ಣು. ನಂಗೆ ಅನುಕೂಲ."

ಅಷ್ಟರಲ್ಲಿ ಬಂತು ಪ್ರಶ್ನೆ. ಯಾರ ಮನೇಲಿದ್ದೀಯ? ದೊಡ್ಡಮ್ಮನ ಮನೇಲಿ. ದೊಡ್ಡಪ್ಪ ಏನ್ ಮಾಡ್ತಾರೆ?

"ನೀ... ನೀರಿನ ಇಲಾಖೇಲಿ," ಅಂದೆ. ಕಿವಿ ಕಾದ ಹೆಂಚಾಗಿತ್ತು. ಅವಳು ನನ್ನ ಕಿವಿಯನ್ನೇ ನೋಡಿದಳು. ಮಿಠಾಯಿ ಕೊಟ್ಟಳು. ಇನ್ನೇನೂ ಕೇಳಲಿಲ್ಲ.

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಸ್ಟೆಲಿನಲ್ಲಿ ನಾವು ಸುಳ್ಳು ಹೇಳುತ್ತಿರಲಿಲ್ಲ ಎಂದಲ್ಲ, ಸುಮ್ಮನಿರುತ್ತಿದ್ದೆವು. ಗೆಳತಿಯ ಮೇಲೆ ದೂರು ಹೇಳುವುದೊಂದು ಬಿಟ್ಟರೆ ಮಿಕ್ಕ ಪಾಪಗಳೆಲ್ಲ ಅಲ್ಲಿ ಚಿಲ್ಲರೆ.

ಅಕ್ಟೋಬರ್ 9

ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ನನ್ನ ಕೈಚೀಲಕ್ಕೆ ಕೈಹಾಕಿ ಕೆದಕಿದಳು. ಬಾಂಬಿದೆಯೇ ಎಂದು ಒಳಗೆ ಹೋಗುವವರಿಗೆಲ್ಲ ಹಾಗೆಯೇ ಮಾಡುತ್ತಾರೆ. ನನಗೆ ಅಳು ಬರುವಷ್ಟು ಸಿಟ್ಟು. ಹೊರಗೆ ಸೈನಿಕರು ಬಂದೂಕು ಹಿಡಿದು ಬೀದಿ ಸುತ್ತುತ್ತಿದ್ದರು, ಕೊನೆಯವನು ಹಿಂದುಹಿಂದಕ್ಕೆ ನಡೆಯುತ್ತಿದ್ದ. ಅವನಿಗೆ ನನ್ನ ವಯಸ್ಸೇ ಇರಬೇಕು. ಗಲ್ಲದ ಮೇಲೆ ಮೊಡವೆ. ಬಂದೂಕಿನ ತುದಿ ನನ್ನನ್ನು ದಾಟಿ, ಅಜ್ಜಿಯೊಬ್ಬಳನ್ನು ದಾಟಿ, ಬ್ರೆಡ್ಡಿನ ಗಾಡಿಯ ಕಡೆ ಹೋಯಿತು.

ಅಕ್ಟೋಬರ್ 17

ಗ್ರಹಚಾರ. ಡಿಂಪ್ನಾಳ ಮನೆಯಲ್ಲಿ ನೀರು ಬರುವುದಿಲ್ಲ.

ಅವಳ ಹಳ್ಳಿ ಗುಡ್ಡದ ಮೇಲಿದೆ. ನಲ್ಲಿ ತಿರುಗಿಸಿದರೆ ಬೆಕ್ಕು ಉಚ್ಚೆ ಹೊಯ್ದ ಹಾಗೆ ಬರುತ್ತದಂತೆ. ಅವಳಮ್ಮ ಮೊಣಕಾಲು ನೋವಿಟ್ಟುಕೊಂಡು ಮಹಡಿಗೆ ಬಕೆಟ್ ಹೊರುತ್ತಾಳೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. "ನಿಮ್ಮ ದೊಡ್ಡಪ್ಪನಿಗೆ ಒಂದ್ಮಾತು ಹೇಳೇ. ದೊಡ್ಡ ಮನುಷ್ಯರಿಗೆ ಹೇಳಿ ಹೇಳಿ ಸೋತಿದೀವಿ, ಗುಮಾಸ್ತನಿಗೆ ಹೇಳಿದ್ರೆ ಆಗಬಹುದು."

ಹೇಳ್ತೀನಿ ಅಂದೆ. ಕಿವಿಯ ವಿಷಯ ಬರೆಯುವುದು ಬೇಡ.

ಮನೆಗೆ ಬಂದು ಹೇಳಿದರೆ ದೊಡ್ಡಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ದೊಡ್ಡಪ್ಪ ಮಾತ್ರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಇಷ್ಟು ವರ್ಷ ಆ ಇಲಾಖೆಯಲ್ಲಿ ದುಡಿದು ಒಂದೇ ಒಂದು ನಲ್ಲಿ ರಿಪೇರಿ ಮಾಡಿಲ್ಲ ನಾನು. ಚರ್ಚಲ್ಲಿ ನನ್ನ ಪಕ್ಕ ಕೂರೋ ಅರ್ನೆಸ್ಟ್ ನಿಜವಾಗ್ಲೂ ಅಲ್ಲಿ ಎಂಜಿನಿಯರು. ಕೇಳ್ತೀನಿ."

"ನಾರ್ಮನ್, ಅದು ಕ್ಯಾಥೊಲಿಕ್ ಹಳ್ಳಿ. ಅವರು ಯಾರೋ ಏನೋ," ಅಂದರು ದೊಡ್ಡಮ್ಮ.

"ನೀರಿಲ್ಲದೋರು," ಅಂದರು ದೊಡ್ಡಪ್ಪ.

ಅಕ್ಟೋಬರ್ 29

ನೀರು ಬಂದಿದೆ. ಅರ್ನೆಸ್ಟ್ ಯಾರನ್ನೋ ಕಳಿಸಿ ಹಳೆಯ ಪೈಪು ಬದಲಿಸಿದನಂತೆ. ಡಿಂಪ್ನಾ ತರಗತಿಯಲ್ಲೇ ನನ್ನನ್ನು ತಬ್ಬಿಕೊಂಡಳು. "ನಮ್ಮಮ್ಮ ನಲ್ಲಿ ಬಿಟ್ಕೊಂಡು ಅದರ ಮುಂದೆ ನಿಂತು ನೋಡ್ತಾಳೆ ಕಣೇ, ಟೀವಿ ನೋಡಿದ ಹಾಗೆ." ಅಮ್ಮ ಕಳಿಸಿದ್ದು ಎಂದು ಒಂದು ಸೀಸೆ ಕಪ್ಪುದ್ರಾಕ್ಷಿ ಜಾಮ್ ಕೊಟ್ಟಳು, ನೀರಿನ ಸಾಹೇಬರಿಗೆ.

ದೊಡ್ಡಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಒರೆಸಿ, ಕಪಾಟಿನ ಹಿಂದಕ್ಕಿಟ್ಟರು. "ಚೆನ್ನಾಗಿದೆ. ಆದ್ರೆ ತೆಗೆಯೋದು ಬೇಡ ಮರಿ." ಲಿನೆಟ್ ಕೈಚಾಚಿದಾಗ ಅವಳ ಕೈಯ ಮೇಲೊಂದು ಏಟು.

ಒಬ್ಬ ತಾಯಿ ಮಾಡಿದ ಜಾಮು. ವಿಷ ಹಾಕಿದ್ದಾಳೆ ಎಂದೇ? ನನಗೆ ನಾಚಿಕೆಯಾಯಿತು. ರಾತ್ರಿ ಊಟಕ್ಕೆ ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಎಷ್ಟು ವರ್ಷ ಹೀಗೆ ಬದುಕಿದರೆ ಮನುಷ್ಯರು ಇಷ್ಟು ಸಣ್ಣವರಾಗುತ್ತಾರೆ?

ಅಕ್ಟೋಬರ್ 31

ಮಕ್ಕಳು ಮುಖವಾಡ ಹಾಕಿಕೊಂಡು ಮನೆಮನೆಗೆ ಬಂದು ಹಾಡು ಹೇಳಿ ಕಡಲೆಕಾಯಿ, ಸೇಬು ಕೇಳುವ ಸಂಜೆ. ಪೊಲೀಸರ ಮನೆಯಲ್ಲಿ ಇದು ಹೇಗಿರುತ್ತದೆಂದು ಇಂಗ್ಲೆಂಡಿನಲ್ಲಿ ಯಾರಿಗೆ ಗೊತ್ತು. ಬೆಲ್ ಆದಾಗಲೆಲ್ಲ ನಾನು ಮಹಡಿಯಿಂದ ಇಣುಕಿ, "ಮೂರು, ಕುಳ್ಳರು," ಎಂದು ಪಿಸುಗುಡಬೇಕು. ದೊಡ್ಡಪ್ಪ ಮೆಟ್ಟಿಲ ತಿರುವಿನಲ್ಲಿ ಟವೆಲ್ ಹಿಡಿದು ನಿಲ್ಲುತ್ತಾರೆ. ಆಮೇಲೆ ದೊಡ್ಡಮ್ಮ ಬಾಗಿಲು ತೆಗೆದು, "ಅಯ್ಯೋ ಭೂತ ಬಂತಪ್ಪಾ, ನನ್ನನ್ನ ಬಿಟ್ಬಿಡಿ," ಎಂದು ನಾಟಕವಾಡುತ್ತಾರೆ.

ಒಂದು ಸಲ ಬಂದವನು ಎತ್ತರದವನು. "ಒಬ್ಬ, ಉದ್ದ," ಅಂದೆ. ನನ್ನ ದನಿ ಇಲಿಯ ಹಾಗೆ ಕೇಳಿಸಿತು. ದೊಡ್ಡಪ್ಪ ಒಂದು ಮೆಟ್ಟಿಲು ಇಳಿದರು. ಮುಖವಾಡ ತೆಗೆದ. ಎದುರುಮನೆಯ ಪಾದ್ರಿ. ಚರ್ಚಿನ ಚಂದಾಕ್ಕೆ ಬಂದಿದ್ದ, ಮಕ್ಕಳಿಗೆ ಖುಷಿಯಾಗಲಿ ಎಂದು ಹಂದಿಯ ಮೂತಿ ಹಾಕಿಕೊಂಡಿದ್ದ.

ಎಲ್ಲರೂ ನಕ್ಕೆವು. ದೊಡ್ಡಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ನವೆಂಬರ್ 5

ಡಿಂಪ್ನಾಳ ಅಣ್ಣ ಫರ್ಗಲ್‌ಗೆ ನಮ್ಮ ಕಡೆಯೇ ಕೆಲಸ ಸಿಕ್ಕಿದೆಯಂತೆ. ಛಾವಣಿಗೆ ಹಲಗೆಕಲ್ಲು ಹೊದಿಸುವ ಕೆಲಸ. ಯಾವ ಬೀದಿ ಎಂದು ಕೇಳಿದೆ. ನಮ್ಮ ಹಿಂದಿನ ಬೀದಿ. ನಮ್ಮ ಮನೆ ಯಾವುದೆಂದೂ ಹೇಳಿಬಿಟ್ಟೆ. "ಮೇಲಿಂದ ಕೂಗಿ ಮಾತಾಡಿಸ್ತಾನೆ ನೋಡು, ಅವನಿಗೆ ನಾಚ್ಕೆ ಇಲ್ಲ," ಅಂದಳು. ಇದರಲ್ಲಿ ಏನೂ ಇಲ್ಲ. ಆದರೂ ದೊಡ್ಡಮ್ಮನಿಗೆ ಹೇಳಲಿಲ್ಲ. ಜಾಮಿನ ಸೀಸೆಗೇ ಹಾಗಾಡಿದವರು.

ನವೆಂಬರ್ 7

ರೇಡಿಯೊದಲ್ಲಿ ಬೆಳಿಗ್ಗೆ ಸುದ್ದಿ. ಗಡಿಯ ಹತ್ತಿರದ ಊರಲ್ಲಿ ಒಬ್ಬ ಪೊಲೀಸಿನವನು ಕಾರು ಶುರು ಮಾಡಿ ಇಳಿಜಾರಿಗೆ ತಿರುಗಿಸಿದ್ದಾನೆ. ಊಟದ ಡಬ್ಬಿಯಷ್ಟೇ ದೊಡ್ಡ ಬಾಂಬಂತೆ, ಕಾರಿನ ಅಡಿಗೆ ಅಂಟಿಸಿದ್ದರು. ಮಗಳನ್ನು ಶಾಲೆಗೆ ಬಿಡಬೇಕಿತ್ತು, ಅವಳು ಚೀಲ ಮರೆತು ಒಳಗೆ ಓಡಿದ್ದಳು.

ದೊಡ್ಡಪ್ಪ ಅವನ ಜೊತೆ ತರಬೇತಿಯಲ್ಲಿದ್ದರು. ದೊಡ್ಡಮ್ಮ ರೇಡಿಯೊ ಆರಿಸಿ ಆಲೂಗಡ್ಡೆ ಸುಲಿದರು. ಒಂದು ಊರಿಗೆ ಸಾಕಾಗುವಷ್ಟು ಸುಲಿದರು.

ಅವನು ಅವತ್ತು ಬಗ್ಗಿ ನೋಡಿರಲಿಲ್ಲವೇ? ಮಳೆ ಇತ್ತೇ? ಹೊಸ ಪ್ಯಾಂಟೇ?

ನವೆಂಬರ್ 12

ಅಕ್ಷರ ಹೇಗಾದರೂ ಬರಲಿ.

ದೊಡ್ಡಪ್ಪ, ದೊಡ್ಡಮ್ಮ ಅವನ ಶವಸಂಸ್ಕಾರಕ್ಕೆ ಹೋದರು. ಲಿನೆಟ್ ಶಾಲೆಗೆ. ನನಗೆ ಮಧ್ಯಾಹ್ನದವರೆಗೆ ತರಗತಿ ಇರಲಿಲ್ಲ. ಮನೆಯಲ್ಲಿ ಒಬ್ಬಳೇ ಸುಮ್ಮನೆ ಕೂತರೆ ಪ್ರತಿ ಕಾರಿನ ಸದ್ದಿಗೂ ಜೀವ ಹಾರುತ್ತದೆ. ಏನಾದರೂ ಸಹಾಯ ಮಾಡೋಣ ಎಂದುಕೊಂಡೆ. ಒಗೆಯುವ ಬುಟ್ಟಿ ತುಂಬಿತ್ತು. ಮಿಷನ್‌ಗೆ ಹಾಕಿದೆ. ಎಷ್ಟೋ ದಿನದ ಮೇಲೆ ಬಿಸಿಲು, ಒಳ್ಳೆಯ ಗಾಳಿ. ಹಿತ್ತಲಿನ ಹಗ್ಗಕ್ಕೆ ಹಾಕಿದೆ, ಹಾಸ್ಟೆಲಿನಲ್ಲಿ ಕಲಿಸಿದ ಹಾಗೆ, ಕೆಳಅಂಚಿಗೆ ಕ್ಲಿಪ್ಪು, ತೋಳು ಕೆಳಗೆ. ದೊಡ್ಡಪ್ಪನ ಕಡುಹಸಿರು ಅಂಗಿಗಳು ಗಾಳಿ ತುಂಬಿಕೊಂಡು ಸಾಲಾಗಿ ಕುಣಿಯುತ್ತಿದ್ದವು. ನೋಡಿ ನನಗೆ ಖುಷಿಯಾಯಿತು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಏನೋ ಒಂದು ಸರಿಯಾಗಿ ಮಾಡಿದೆ ಅನ್ನಿಸಿತು.

ಕಾರು ಬಂದ ಸದ್ದು. ದೊಡ್ಡಮ್ಮ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಬಂದರು, ಕಿಟಕಿಯಾಚೆ ನೋಡಿದರು. ಕಪ್ಪು ಟೋಪಿ ತಲೆಯ ಮೇಲಿದ್ದ ಹಾಗೆಯೇ ಓಡಿದರು. ಅವರು ಓಡಿದ್ದನ್ನು ನಾನು ಕಂಡಿರಲಿಲ್ಲ. ಅಂಗಿಗಳನ್ನು ಜಗ್ಗಿ ಜಗ್ಗಿ ಎಳೆದರು, ಕ್ಲಿಪ್ಪುಗಳು ಚಿಮ್ಮಿ ಹೂವಿನ ಪಾತಿಗೆ ಬಿದ್ದವು. ಒದ್ದೆ ಬಟ್ಟೆಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಒಳಗೆ ಬಂದರು. ಒಳ್ಳೆಯ ಕೋಟು ನೆನೆದುಹೋಯಿತು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾವಾಗ ಹಾಕಿದೆ?"

"ನೀವು ಹೋದ ಸ್ವಲ್ಪ ಹೊತ್ತಿಗೆ."

"ಹಿಂದುಗಡೆ ಛಾವಣಿ ಮೇಲೆ ಜನ ಇದ್ರಾ?"

"ಇದ್ರು. ಒಬ್ಬ ಸಿಳ್ಳೆ ಹೊಡೆದ. ನಾನು ಕೈಬೀಸಿದೆ ದೊಡ್ಡಮ್ಮ."

ಪೊಲೀಸರ ಮನೆಯಲ್ಲಿ ಸಮವಸ್ತ್ರದ ಆ ಹಸಿರು ಅಂಗಿಗಳು ಹೊರಗಿನ ಬಿಸಿಲನ್ನೇ ಕಾಣುವುದಿಲ್ಲವಂತೆ. ಬಚ್ಚಲಲ್ಲಿ, ಬಾಗಿಲು ಹಾಕಿ, ಹೀಟರಿನ ಮುಂದೆ ಒಣಗುತ್ತವೆ. ಲಿನೆಟ್‌ಗೂ ಗೊತ್ತು. "ನಿನಗೆ ಹೇಳೋದೇ ಮರ್ತೆ. ಹೇಳಬೇಕಾದ್ದು ಅಂತ್ಲೇ ಹೊಳೀಲಿಲ್ಲ. ಉಸಿರಾಡು ಅಂತ ಯಾರಾದ್ರೂ ಹೇಳಿಕೊಡ್ತಾರಾ," ಎಂದು ದೊಡ್ಡಮ್ಮ ಪೆಚ್ಚುಪೆಚ್ಚಾಗಿ ನಕ್ಕರು.

ದೊಡ್ಡಪ್ಪ ಟೈ ಸಡಿಲಿಸುತ್ತ, "ಬಸ್ ಕಂಡಕ್ಟರಿಗೂ ಹಸಿರು ಅಂಗಿ ಇರುತ್ತೆ ಬಿಡು," ಅಂದರು. ಆಮೇಲೆ ಮಹಡಿಗೆ ಹೋಗಿ ಹಿಂದಿನ ಕಿಟಕಿಯ ಪರದೆಯ ಸಂದಿಯಲ್ಲಿ ಕತ್ತಲಾಗುವವರೆಗೆ ನಿಂತಿದ್ದರು.

ಇವರು ಈಗಾಗಲೇ ಎರಡು ಮನೆ ಬಿಟ್ಟು ಬಂದವರು. ಒಂದರ ಬಾಗಿಲಿಗೆ ಗುಂಡು ಹೊಡೆದಿದ್ದರು. ಇನ್ನೊಂದನ್ನು ಯಾರೋ ಗುರುತು ಹಿಡಿದಿದ್ದರು. ಇಲ್ಲಿ ಲಿನೆಟ್‌ಗೆ ಪಕ್ಕದ ಮನೆಯಲ್ಲಿ ಗೆಳತಿ ಸಿಕ್ಕಿದ್ದಾಳೆ. ಗುಲಾಬಿ ಗಿಡ ಹಿಡಿದಿದೆ.

ಸಿಳ್ಳೆ ಹೊಡೆದವನು ಫರ್ಗಲ್ಲೇ? ನಾನು ಅವನನ್ನು ನೋಡಿಲ್ಲ. ಹೇಳಿಬಿಡಲೇ?

ನವೆಂಬರ್ 13

ಹೇಳಲಿಲ್ಲ.

ನವೆಂಬರ್ 15

ಫೋನ್ ಬಂತು. ಎತ್ತಿದೆ. ಆ ಕಡೆ ಯಾರೋ ಉಸಿರಾಡಿ ಇಟ್ಟರು. ತಪ್ಪು ನಂಬರ್ ಇರಬಹುದು. ಬೀದಿಯಲ್ಲಿ ನೀಲಿ ವ್ಯಾನ್ ನಿಂತಿತ್ತು. ಮೀನಿನವನದು ಅಂದರು ದೊಡ್ಡಮ್ಮ. ಮೀನಿನವನು ಯಾವಾಗಲೂ ಶುಕ್ರವಾರ ಬರುವವನು, ಇವತ್ತು ಶನಿವಾರ.

ದೊಡ್ಡಪ್ಪ ಈಗ ಕೀಲಿ ಬೀಳಿಸುವ ನಾಟಕ ಬಿಟ್ಟಿದ್ದಾರೆ. ಹಳೆಯ ಕಾರ್ಪೆಟ್ ತುಂಡೊಂದನ್ನು ಹಾಸಿಕೊಂಡು ಮಲಗಿಯೇ ನೋಡುತ್ತಾರೆ. ನಾನೂ ಕಿಟಕಿಯಲ್ಲಿ ನಿಂತು ಬೀದಿಯ ಎರಡೂ ಕೊನೆ ಕಾಯುತ್ತೇನೆ. ಅವರು ಎಂಜಿನ್ ಶುರು ಮಾಡುವಾಗ ಲಿನೆಟ್ ಕಿವಿ ಮುಚ್ಚಿಕೊಳ್ಳುತ್ತಾಳೆ ಎಂಬುದನ್ನು ಇವತ್ತೇ ಗಮನಿಸಿದ್ದು. ಯಾವಾಗಿನಿಂದಲೋ.

ಬಿಸ್ಕತ್ತು ತೆಗೆಯಲು ಹೋದೆ. ಟವೆಲ್ ಅಡ್ಡ ಇತ್ತು, ಪಕ್ಕಕ್ಕೆ ಸರಿಸಿದೆ. ಶುಂಠಿ ಬಿಸ್ಕತ್ತು ಮುಗಿದುಹೋಗಿದೆ.

ನವೆಂಬರ್ 19

ಕ್ಯಾಂಟೀನಿನಲ್ಲಿ ಡಿಂಪ್ನಾ ನನ್ನನ್ನು ಮೂಲೆಯ ಮೇಜಿಗೆ ಕರೆದುಕೊಂಡು ಹೋದಳು. ಜೋಕಿಲ್ಲ, ಮಹಾರಾಣಿ ಇಲ್ಲ. ಚಹಾದ ಚಮಚ ತಿರುಗಿಸುತ್ತಲೇ ಇದ್ದಳು, ಸಕ್ಕರೆಯನ್ನೇ ಹಾಕಿರಲಿಲ್ಲ.

"ರೋ, ಒಂದ್ ಮಾತು. ನಿಮ್ಮ ದೊಡ್ಡಮ್ಮನಿಗೆ ಹೇಳು, ಹಸಿರು ಅಂಗಿ ಹೊರಗೆ ಒಣಹಾಕೋದು ಬೇಡ ಅಂತ. ನಮ್ಮ ಫರ್ಗಲ್ ನೋಡಿದ್ದಾನೆ. ಆ ಛಾವಣಿ ಮೇಲೆ ಇರೋನು ಅವನೊಬ್ಬನೇ ಅಲ್ಲ."

"ಯಾವ ಅಂಗಿ?" ಅಂದೆ.

"ಕೇಳಬೇಡ ಕಣೇ, ನಾನೂ ಕೇಳಿಲ್ಲ. ನೀರು ಬಂತು, ನಂಗಷ್ಟೇ ಗೊತ್ತು." ಎದ್ದು ಕೋಟು ಹಾಕಿಕೊಂಡಳು. ಮಿಠಾಯಿ ಕೊಡಲಿಲ್ಲ. ಕೊಡುವುದನ್ನು ಮರೆತಳೋ ಏನೋ.

ರೈಲಿನಲ್ಲಿ ಬರುವಾಗ ಪೂರ್ತಿ ಅದೇ ಮಾತು. ಅವರಿಗೆ ಗೊತ್ತಾಗಿದೆ. ಅವನೊಬ್ಬನೇ ಅಲ್ಲ. ಹಾಗಂದರೆ ಎಷ್ಟು ಜನ? ಅವಳು ಹೇಳಿದ್ದು ಯಾಕೆ? ಬೆದರಿಸುವವರು ಚಹಾ ಕುಡಿಯುತ್ತಲೇ ಹೀಗೆ ಮೆಲ್ಲಗೆ ಹೇಳುತ್ತಾರಂತೆ, ದೊಡ್ಡಪ್ಪ ಒಮ್ಮೆ ಹೇಳಿದ್ದರು. ಮೊದಲ ದಿನವೇ ನನ್ನ ಕಿವಿ ನೋಡಿದವಳು. ದೊಡ್ಡಪ್ಪನ ಕೆಲಸ ಕೇಳಿದವಳು. ವಿಳಾಸ ಗೊತ್ತಿದ್ದವಳು. ನಾನೇ ಕೊಟ್ಟಿದ್ದೆ.

ನೀರಿನ ಕಥೆಯೂ ಪರೀಕ್ಷೆಯೇ ಆಗಿರಬಹುದಲ್ಲ?

ನವೆಂಬರ್ 20

ಹೇಳಿದೆ. ದೊಡ್ಡಪ್ಪ ಬೂಟು ಪಾಲಿಶ್ ಮಾಡುತ್ತಿದ್ದರು. ಬ್ರಶ್ ನಿಂತಿತು.

"ಅವಳು ಅಂದಿದ್ದನ್ನ ಅಂದ ಹಾಗೇ ಹೇಳು."

"ಫರ್ಗಲ್ ನೋಡಿದ್ದಾನೆ, ಅವನೊಬ್ಬನೇ ಅಲ್ಲ, ಅಂದ್ಳು."

"ಅಷ್ಟೇನಾ?"

"ಅಷ್ಟೇ."

"ಹೇಗಂದ್ಳು? ಹೆದರ್ಸೋ ಹಾಗಾ? ಹೆದರ್ಕೊಂಡ ಹಾಗಾ?"

ಯೋಚಿಸಿದೆ. ಚಮಚ ತಿರುಗುತ್ತಿದ್ದದ್ದು ನೆನಪಾಯಿತು. "ಗಂಭೀರವಾಗಿ," ಅಂದೆ.

ದೊಡ್ಡಪ್ಪ ಬೂಟನ್ನು ಎತ್ತಿ ಹೊಳಪು ನೋಡಿದರು. "ಇದನ್ನ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ ಮರಿ. ಹೇಳಿದ ಮೇಲೆ ಅದು ನನ್ನ ಕೈಲಿ ಇರಲ್ಲ. ಯೋಚ್ನೆ ಮಾಡಿ ಹೇಳ್ತಿದ್ದೀಯಾ?"

ಹೌದು ಅಂದೆ. ಲಿನೆಟ್ ಮೇಜಿನ ಕೆಳಗೆ ಕೂತು ಗೊಂಬೆಯ ಕೂದಲು ಬಾಚುತ್ತಿದ್ದಳು. ಇದು ಹಾಸ್ಟೆಲಿನ ದೂರಲ್ಲ. ಅಲ್ಲಿ ಯಾರೂ ಸಾಯುತ್ತಿರಲಿಲ್ಲ.

ದೊಡ್ಡಮ್ಮ ಕೇಳಿಸಿಕೊಂಡು, "ಇದನ್ನ ಹೇಳಿದ್ರಿಂದ ಆ ಹುಡುಗಿಗೇನು ಲಾಭ?" ಅಂದರು. ದೊಡ್ಡಪ್ಪ ಇನ್ನೊಂದು ಬೂಟು ಎತ್ತಿಕೊಂಡರು.

ನವೆಂಬರ್ 24

ದೊಡ್ಡಪ್ಪ ಠಾಣೆಯಲ್ಲೇ ಮಲಗುತ್ತಿದ್ದಾರೆ. ಹಿಂದಿನ ಛಾವಣಿ ಅರ್ಧಕ್ಕೆ ನಿಂತಿದೆ, ಪ್ಲಾಸ್ಟಿಕ್ ಹಾಳೆ ಪಟಪಟ ಬಡಿಯುತ್ತದೆ. ಕೆಲಸದವರು ಯಾರೂ ಬಂದಿಲ್ಲ. ತರಗತಿಯಲ್ಲಿ ಡಿಂಪ್ನಾಳೂ ಇಲ್ಲ.

ಊಟ ಸೇರುತ್ತಿಲ್ಲ. ಆದರೂ ನಿದ್ದೆ ಬಂತು, ಎಷ್ಟೋ ದಿನದ ಮೇಲೆ.

ನವೆಂಬರ್ 27

ಕಪಾಟು ಒರೆಸುವಾಗ ಜಾಮಿನ ಸೀಸೆ ಸಿಕ್ಕಿತು. ಹೊರಗಿನ ಕಸದ ತೊಟ್ಟಿಗೆ ಹಾಕಿದೆ. ಬರೀ ಜಾಗ ತಿನ್ನುತ್ತಿತ್ತು.

ಡಿಸೆಂಬರ್ 1

ಡಿಂಪ್ನಾ ಬಂದಿದ್ದಳು. ಅದೇ ಕೋಟು. ಕೂದಲು ತೊಳೆದಿರಲಿಲ್ಲ. ತರಗತಿ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ಕಾಯುತ್ತಿದ್ದಳು. ನಾನು ಬೇರೆ ಬಾಗಿಲಿಂದ ಹೋಗಬಹುದಿತ್ತು. ಹೋದರೆ ಅನುಮಾನ ಬರುತ್ತದೆ ಎಂದು ಅವಳ ಕಡೆಗೇ ನಡೆದೆ.

ಬೆಳಗಾಗುವ ಹೊತ್ತಿಗೆ ಬಂದರಂತೆ, ಪೊಲೀಸರು, ಸೈನಿಕರು. ಬಾಗಿಲು ಒಡೆದರು. ಫರ್ಗಲ್‌ನನ್ನು ಹಾಸಿಗೆಯಿಂದ ಎತ್ತಿಕೊಂಡು ಹೋದರು. ಬಂದೂಕು ಹುಡುಕುತ್ತ ನೆಲದ ಹಲಗೆ ಕಿತ್ತರು, ಮೇಲ್ಛಾವಣಿಗೆ ತೂತು ಹಾಕಿದರು.

"ಬಚ್ಚಲ ತೊಟ್ಟಿ ಕಿತ್ತಾಗ ಪೈಪು ಒಡೀತು. ನಿಮ್ಮ ದೊಡ್ಡಪ್ಪ ಕೊಡಿಸಿದ ನೀರು ಮೆಟ್ಟಿಲಿಳಿದು ಬಂತು ಕಣೇ. ಎಂಥಾ ರಭಸ ಅಂತೀಯ. ನಮ್ಮಮ್ಮ ನೈಟಿ ಎತ್ಕೊಂಡು ನಿಂತು ಆ ಸೈನಿಕರಿಗೆ ಚಹಾ ಬೇಕಾ ಅಂತ ಕೇಳ್ತಾಳೆ. ತಲೆ ಕೆಟ್ಟು."

"ಫರ್ಗಲ್?"

"ಬಿಟ್ರು. ಏನಿತ್ತು ಅವನ ಹತ್ರ, ಸಿಳ್ಳೆ ಹೊಡೆಯೋದು ಬಿಟ್ಟು? ಬೇಗ ಬಿಟ್ರು. ಅದೇ ಈಗ ಕಷ್ಟ. ಬೇಗ ಹೊರಗೆ ಬಂದೋನನ್ನ ನಮ್ಮ ಕಡೆಯ ಹುಡುಗರು ಕೇಳ್ತಾರೆ, ಪೊಲೀಸರಿಗೆ ಏನ್ ಮಾರಿದೆ ಅಂತ." ಹುಡುಗರು ಎಂದರೆ ಇಲ್ಲಿ ಬಂದೂಕು ಹಿಡಿದವರು. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. "ಶನಿವಾರ ಇಬ್ಬರು ಬಂದು ಅವನನ್ನ ವಿಚಾರಿಸ್ಕೊಂಡು ಹೋದ್ರು. ರಾತ್ರೋರಾತ್ರಿ ದೋಣಿ ಹತ್ತಿಸಿದ್ವಿ. ಎಲ್ಲಿದ್ದಾನೆ ಅಂತ ಅಮ್ಮನಿಗೂ ಹೇಳಿಲ್ಲ. ಇನ್ನು ಈ ಕಡೆ ಬರೋ ಹಾಗಿಲ್ಲ."

ಮೆಟ್ಟಿಲ ಮೇಲೆ ನಮ್ಮ ತರಗತಿಯ ಹುಡುಗರು ನಗುತ್ತ ಇಳಿದುಹೋದರು.

"ರೋ. ನಾನು ಹೇಳಿದ್ದನ್ನ ನೀನು ಮನೇಲಿ ಹೇಗೆ ಹೇಳ್ದೆ?"

"ಯಾವುದನ್ನ?"

"ಅಂಗಿ ವಿಷ್ಯ."

"ಓ, ಅದಾ. ದೊಡ್ಡಮ್ಮನಿಗೆ ಹೇಳ್ದೆ. ಅವರು ನಕ್ಕುಬಿಟ್ರು. ದೊಡ್ಡಪ್ಪ ನೀರಿನ ಇಲಾಖೆಯಲ್ಲಲ್ವಾ, ಪೈಪಿನ ಕಡೆ ಹೋಗೋರಿಗೆಲ್ಲ ಹಸಿರು ಅಂಗಿ ಕೊಡ್ತಾರೆ. ಕೊಳೆ ಕಾಣಲ್ಲ ಅಂತ."

ಡಿಂಪ್ನಾ ನನ್ನ ಕಿವಿ ನೋಡಿದಳು. ತುಂಬ ಹೊತ್ತು ನೋಡಿದಳು. ಕಿವಿ ತಣ್ಣಗೆ ಇತ್ತು.

"ಸರಿ," ಅಂದಳು. "ಚೆನ್ನಾಗಿ ಹೇಳ್ತೀಯ." ಜೇಬಿಗೆ ಕೈಹಾಕಿ ಒಂದು ಮಿಠಾಯಿ ತೆಗೆದು, ನೋಡಿ, ತಾನೇ ಬಾಯಿಗೆ ಹಾಕಿಕೊಂಡು ಹೊರಟುಹೋದಳು.

ಅವಳಿಗೆ ಅನುಮಾನವಿಲ್ಲ ಎಂದು ನನ್ನ ಲೆಕ್ಕ. ಇದ್ದಿದ್ದರೆ ಕೂಗಾಡುತ್ತಿದ್ದಳು.

ಡಿಸೆಂಬರ್ 9

ಮನೆ ಮಾರಾಟಕ್ಕಿದೆ. ಬೋರ್ಡ್ ಹಾಕಿಲ್ಲ, ಪೊಲೀಸರ ಮನೆಗೆ ಬೋರ್ಡ್ ಹಾಕುವುದಿಲ್ಲ. ಹೊಸ ಊರಿನ ಹೆಸರು ಲಿನೆಟ್‌ಗೆ ಹೇಳಿಲ್ಲ. ಪಕ್ಕದ ಮನೆಯ ಗೆಳತಿಗೆ ಏನು ಹೇಳಬೇಕೆಂಬುದನ್ನು ಮಾತ್ರ ಹೇಳಿಕೊಟ್ಟಿದ್ದಾರೆ. ಅವಳು ಅದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಳು. ಒಂದು ಕಡೆ ತಪ್ಪಿದಳು, ತಿದ್ದಿದೆ.

ದೊಡ್ಡಪ್ಪ ಚಹಾ ಕುಡಿಯುವಾಗ ಅಂದರು, "ಆ ಹುಡುಗ ಫರ್ಗಲ್. ಅವನಲ್ಲಿ ಏನೂ ಇರಲಿಲ್ಲ. ಅವನ ಜೊತೆ ಛಾವಣಿ ಮೇಲಿದ್ದ ಇನ್ನೊಬ್ಬನಿದ್ದನಲ್ಲ, ಅವನ ಮೇಲೆ ಅನುಮಾನ ಇತ್ತಂತೆ. ಅವನು ಪರಾರಿ. ಈ ಹುಡುಗ ಹೆದರ್ಕೊಂಡು ತಂಗಿ ಹತ್ರ ಹೇಳಿದ್ದಾನೆ, ಆ ಮನೆಯವರಿಗೆ ಎಚ್ಚರ ಕೊಡು, ಅಂಗಿ ಒಳಗೆ ಹಾಕ್ಕೊಳ್ಳಲಿ ಅಂತ." ಚಹಾ ಊದಿದರು. "ನೀರು ಕೊಡಿಸಿದ ಮನುಷ್ಯ ಅಂದನಂತೆ."

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಪಾತ್ರೆ ತೊಳೆಯುತ್ತಿದ್ದರು.

"ಅವಳು ಅದನ್ನ ಹೇಳಲಿಲ್ವಾ ನಿನಗೆ?" ದೊಡ್ಡಪ್ಪ ಕೇಳಿದರು.

"ಇಲ್ಲ," ಅಂದೆ.

ಹೇಳಿದ್ದಳೇ? ಹಿಂದಿನ ಪುಟ ತಿರುಗಿಸಿ ನೋಡಬಹುದು. ನೋಡಿ ಏನಾಗಬೇಕು? ಆ ಹೊತ್ತಿಗೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ದೊಡ್ಡಪ್ಪ ಜೀವಂತ ಕೂತು ಚಹಾ ಕುಡಿಯುತ್ತಿದ್ದಾರೆ. ಅಷ್ಟು ಸಾಕು. ನಾಳೆ ಪ್ರಬಂಧ ಕೊಡಬೇಕು, ಇನ್ನೂ ಶುರುವೇ ಮಾಡಿಲ್ಲ.

ಡಿಸೆಂಬರ್ 12

ತರಗತಿಯಲ್ಲಿ ಡಿಂಪ್ನಾ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅಲ್ಲಿಂದ ಬೋರ್ಡ್ ಚೆನ್ನಾಗಿ ಕಾಣುತ್ತದೆ.

ಡಿಸೆಂಬರ್ 19, ಮನೆ

ಇಂಗ್ಲೆಂಡಿಗೆ ಬಂದೆ. ಹಡಗಿನಲ್ಲಿ ರಾತ್ರಿಯಿಡೀ ವಾಂತಿ. ಬಂದರಿನ ಅಂಗಡಿಯಲ್ಲಿ ಅಮ್ಮನಿಗೆ ಹೂ ಕೊಳ್ಳಲು ಹೋದವಳು ಬಾಗಿಲಲ್ಲಿ ನಿಂತು ಕೈಚೀಲ ತೆರೆದು ಹಿಡಿದೆ. ಅಲ್ಲಿದ್ದ ಮುದುಕ ಚೀಲದೊಳಗೆ ಇಣುಕಿ, ನನ್ನ ಮುಖ ನೋಡಿ, "ಏನಮ್ಮಾ, ಏನಾದ್ರೂ ಮಾರೋಕೆ ತಂದಿದ್ದೀಯಾ?" ಅಂದ.

ಅಪ್ಪ ಕರೆದುಕೊಂಡು ಹೋಗಲು ಬಂದಿದ್ದರು. ತೆಳ್ಳಗಾಗಿದ್ದೀಯ ಅಂದರು. ನನ್ನ ಮಾತಿನ ರಾಗ ಅಮ್ಮನ ಹಾಗಾಗಿದೆ ಎಂದು ನಕ್ಕರು. ಅಲ್ಲಿ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಅಂದೆ. ನಾರ್ಮನ್ ಈಗಲೂ ಅದೇ ಕೆಲಸದಲ್ಲಿದ್ದಾನಾ? ಸುತ್ತ ಜನ ಇದ್ದರು. "ಹೌದಪ್ಪ, ನೀರಿನ ಇಲಾಖೆ," ಅಂದೆ. ಅಪ್ಪ ಹುಬ್ಬೇರಿಸಿದರು.

ಬಂದರಿನ ಹೊರಗೆ ನಮ್ಮ ಹಳೆಯ ಬಿಳಿ ಕಾರು. ಅಪ್ಪ ಪೆಟ್ಟಿಗೆಯನ್ನು ಹಿಂದೆ ಇಟ್ಟು ಬಂದು ನೋಡಿದರೆ ನಾನು ನೆಲದ ಮೇಲೆ ಮಂಡಿಯೂರಿದ್ದೆ. ಯಾವಾಗ ಕೂತೆನೋ. ಕೆನ್ನೆಗೆ ಮಂಜಿನ ನೀರು ತಾಗಿತು. ಕಾರಿನಡಿ ಏನೂ ಇರಲಿಲ್ಲ. ಒಣಮಣ್ಣು, ಒಂದು ಎಲೆ.

"ಏನೇ ಬಿತ್ತು?" ಅಂದರು ಅಪ್ಪ.

"ಕೀಲಿಕೈ," ಅಂದೆ.

ಕೀಲಿಕೈ ಅಪ್ಪನ ಕೈಯಲ್ಲೇ ಇತ್ತು.